ಪೃಚ್ಛನೆಯಿಲ್ಲದ ಗೋಷ್ಠಿ

ಶಾಸನಗಳು ಕೊಪಣತೀರ್ಥವೆಂದು ಕೊಂಡಾಡಿದ ಕೊಪ್ಪಳದಲ್ಲಿ, ನೆರೆಯ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಧರ್ಮಚಿಂತನಗೋಷ್ಠಿಯೆಂದರೆ ಸಭಾಭವನ, ಧ್ವನಿವರ್ಧಕ, ಹಾರ-ತುರಾಯಿ ಎಂದು ತಿಳಿಯುವವರುಂಟು. ಈ ತಿಳಿವಳಿಕೆಯನ್ನು ಖಂಡಿಸಲೇಬೇಕು. ತತ್ತ್ವಾರ್ಥಸೂತ್ರವು ಸ್ವಾಧ್ಯಾಯದ 5 ಭೇದಗಳಲ್ಲಿ ವಾಚನೆಯ ಬೆನ್ನಿಗೇ ಪೃಚ್ಛನೆಯನ್ನು, ಎಂದರೆ ಪ್ರಶ್ನಿಸುವುದನ್ನು, ಹೇಳಿದೆ, ಧರ್ಮೋಪದೇಶವು ಕಡೆಯದು. ನಾವು ಕಡೆಯದನ್ನು ಮೊದಲಿಗೆ ತಂದು ಪೃಚ್ಛನೆಯನ್ನೇ ಕೈಬಿಟ್ಟಿದ್ದೇವೆ.

ಗೋಷ್ಠಿಗೆ ಬೇಕಾದ ಬಂಡವಾಳ ಅಲ್ಪ: ಒಂದು ಗ್ರಂಥ, ಹತ್ತು ಜನ, ನಿಯಮಿತ ದಿನದಂದು ತಪ್ಪದೆ ಬಾಗಿಲು ತೆರೆಯುವ ಒಬ್ಬ ಯಜಮಾನ. ಆದರೆ ಆತನ ಹೊಣೆ ದೊಡ್ಡದು. ತಾನು ಎಲ್ಲರಿಗಿಂತ ಕಡಿಮೆ ಮಾತನಾಡಬೇಕು. ಕಟುನುಡಿದವನು ದಾನಿಯೇ ಆದರೂ ತಡೆಯಬೇಕು. ಕಿರಿಯರ ಪ್ರಶ್ನೆಗೆ ರಕ್ಷಣೆಯಾಗಬೇಕು. ವೇದಿಕೆಯಲ್ಲಿ ಅನೇಕಾಂತವನ್ನು ಹೊಗಳಿ ಭಿನ್ನಮತದ ಬಾಯಿ ಮುಚ್ಚಿಸುವುದು, ಖಾತೆಯಲ್ಲಿ ಜಮೆ ಬರೆದು ತಿಜೋರಿಯನ್ನು ಬರಿದಾಗಿಟ್ಟಂತೆ.