ಸಹವ್ಯಾಧಿಯ ಲೆಕ್ಕ

ಕೋವಿಡ್ ಕಾಲದಲ್ಲಿ ಇಲ್ಲಿನ ಮರಾಠಿ ಪತ್ರಿಕೆಗಳಿಂದ ಪುಣೆ ಕನ್ನಡಿಗರ ಮಾತಿಗೂ ಬಂದು ಸೇರಿದ ಪದ ‘ಸಹವ್ಯಾಧಿ’. ಇಷ್ಟು ಕುಟಿಲವಾದ ಪದವನ್ನು ನಾನು ಬೇರೆ ಕಂಡಿಲ್ಲ. ಮೃತರ ಪಟ್ಟಿಯಲ್ಲಿ ಅದನ್ನು ಓದಿದೊಡನೆ ಒಂದು ಬಗೆಯ ಸಮಾಧಾನ: ಹೋದವನಿಗೆ ಮೊದಲೇ ಮಧುಮೇಹವಿತ್ತಂತೆ, ಮೂತ್ರಪಿಂಡ ಕೆಟ್ಟಿತ್ತಂತೆ. ಅಂದರೆ ದೋಷ ವೈರಾಣುವಿನದೂ ಅಲ್ಲ, ವ್ಯವಸ್ಥೆಯದೂ ಅಲ್ಲ, ಆ ದೇಹದ್ದು! ಅದೇ ಪದ ಆಸ್ಪತ್ರೆಯ ಬಿಲ್ಲಿನೊಳಗೆ ಹೊಕ್ಕು ಮಾಡಿದ ಅನಾಹುತದ ಬಗ್ಗೆ ಮಾತ್ರ ನಾವು ಮೌನ ವಹಿಸಿದೆವು.

ಮೇ 2020ರಲ್ಲಿ ಮಹಾರಾಷ್ಟ್ರ ಸರಕಾರ ಖಾಸಗಿ ಆಸ್ಪತ್ರೆಗಳ ಶೇ. 80ರಷ್ಟು ಹಾಸಿಗೆಗಳಿಗೆ ದರ ನಿಗದಿ ಮಾಡಿತು. ದಿನಕ್ಕೆ ಸಾಮಾನ್ಯ ವಾರ್ಡಿಗೆ 4,000, ತೀವ್ರ ನಿಗಾ ಘಟಕಕ್ಕೆ 7,500, ವೆಂಟಿಲೇಟರ್ ಸಹಿತ 9,000 ರೂಪಾಯಿ. ಕ್ರಮ ಸ್ವಾಗತಾರ್ಹವೇ. ಆದರೆ ಪಿಪಿಇ ಉಡುಪು, ದುಬಾರಿ ಔಷಧಿಗಳು, ಸಿಟಿ ಮತ್ತು ಎಂಆರ್‌ಐ ಪರೀಕ್ಷೆಗಳು ಈ ದರದ ಹೊರಗೇ ಉಳಿದವು. ಗಟ್ಟಿಮುಟ್ಟಾದವನು ನಾಲ್ಕು ದಿನ ಮಲಗಿ ಎದ್ದು ಬಂದರೆ ನಿಗದಿತ ದರ ಅವನನ್ನು ಕಾಯುತ್ತದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಹೊತ್ತವನ ವೆಚ್ಚವೆಲ್ಲ ಇರುವುದು ಆ ಹೊರಗಿನ ಪಟ್ಟಿಯಲ್ಲಿಯೇ.

2021ರ ಎರಡನೆಯ ಅಲೆಯ ಕಪ್ಪು ಶಿಲೀಂಧ್ರವನ್ನು ನೆನೆಯಿರಿ. ಉಸಿರು ಉಳಿಸಲು ಕೊಟ್ಟ ಸ್ಟೀರಾಯ್ಡ್ ಬಲು ಅಗ್ಗದ ಔಷಧ, ಸಂದೇಹವಿಲ್ಲ. ಆದರೆ ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹತೋಟಿ ತಪ್ಪಿದ ಮಧುಮೇಹಿಯ ಮೂಗು, ಕಣ್ಣುಗಳಿಗೆ ಶಿಲೀಂಧ್ರ ಇಳಿದದ್ದು ಈ ಹಾದಿಯಲ್ಲಿ. ಅದಕ್ಕೆ ಮದ್ದು ಲೈಪೊಸೋಮಲ್ ಆಂಫೊಟೆರಿಸಿನ್. ಅರುವತ್ತು ಕಿಲೋ ತೂಕದವನಿಗೆ, ಕಿಲೋಗೆ ಐದು ಮಿಲಿಗ್ರಾಮಿನಂತೆ, ದಿನಕ್ಕೆ 50 ಮಿಲಿಗ್ರಾಮಿನ ಆರು ಬುದ್ದಲಿ. ಎರಡು ವಾರಕ್ಕೆ ಎಂಬತ್ತನಾಲ್ಕು. ಬುದ್ದಲಿಗೆ ಐದು ಸಾವಿರವೆಂದೇ ಹಿಡಿದರೂ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಶಸ್ತ್ರಚಿಕಿತ್ಸೆಯ ಲೆಕ್ಕ ಬೇರೆ. ತಿಂಗಳಿಗೆ ನೂರಿನ್ನೂರು ರೂಪಾಯಿಯ ಮಾತ್ರೆ ಮತ್ತು ಆಗೊಮ್ಮೆ ಈಗೊಮ್ಮೆ ಒಂದು ರಕ್ತಪರೀಕ್ಷೆ ತಪ್ಪಿದ್ದಕ್ಕೆ ತೆತ್ತ ಬಡ್ಡಿ ಇದು.

ಲಸಿಕೆಯಲ್ಲೂ ಇದೇ ಕಥೆ. ಕೋವಿಶೀಲ್ಡ್ ತಯಾರಾದದ್ದು ನಮ್ಮ ಹಡಪ್ಸರದಲ್ಲಿ. ಆದರೆ 1 ಮಾರ್ಚ್ 2021ರಂದು 45ರಿಂದ 59ರ ವಯಸ್ಸಿನ ರೋಗಿಗಳಿಗೆ ಬಾಗಿಲು ತೆರೆದಾಗ, ಕೇಂದ್ರದ ಇಪ್ಪತ್ತು ಕಾಯಿಲೆಗಳ ಪಟ್ಟಿ ಮಧುಮೇಹಿಗೆ ಹಾಕಿದ ಷರತ್ತು ನೋಡಿ: ಕಾಯಿಲೆಗೆ ಹತ್ತು ವರ್ಷ ಮೀರಿರಬೇಕು ಅಥವಾ ಅದರಿಂದ ತೊಡಕುಗಳಾಗಿರಬೇಕು, ಜತೆಗೆ ರಕ್ತದೊತ್ತಡಕ್ಕೂ ಚಿಕಿತ್ಸೆ ನಡೆದಿರಬೇಕು! ಒಂಬತ್ತು ವರ್ಷದ ಮಧುಮೇಹಿ ಸಾಕಷ್ಟು ರೋಗಿಯಲ್ಲವೆಂದು ಏಪ್ರಿಲ್ 1ರವರೆಗೆ ಕಾದ. ಅಷ್ಟರಲ್ಲಿ ಪುಣೆಯಲ್ಲಿ ಅಲೆ ಎದ್ದಿತ್ತು.

ಈಗ ನಮ್ಮವರ ಮಾತು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಈ ನಗರದ ಗಾರೆ ಹೊತ್ತವರು ಯಾವ ಲೆಕ್ಕಕ್ಕೆ ಸೇರುತ್ತಾರೆ? ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯನ್ನು 2020ರಲ್ಲಿ ರಾಜ್ಯದ ಎಲ್ಲ ನಿವಾಸಿಗಳಿಗೂ ವಿಸ್ತರಿಸಿದರು, ಮರುವರ್ಷದ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರವನ್ನೂ ಅದಕ್ಕೆ ಸೇರಿಸಿದರು. ನಿವಾಸಿಯೆನ್ನಲು ಬೇಕಾದದ್ದು ಮಹಾರಾಷ್ಟ್ರದ ಪಡಿತರ ಚೀಟಿ, ಇಲ್ಲವೇ ಅಧಿವಾಸದ ಪ್ರಮಾಣಪತ್ರ. ಇವರ ಚೀಟಿ ಊರಿನಲ್ಲಿ ಮುದುಕ ತಾಯಿಯ ಟ್ರಂಕಿನಲ್ಲಿದೆ. ಆಯುಷ್ಮಾನ್ ಕಾರ್ಡು ರಾಜ್ಯದ ಗಡಿ ದಾಟುತ್ತದೆ ಎನ್ನುವುದು ನಿಜ. ಆದರೆ ಅದೂ ಆಸ್ಪತ್ರೆಯಲ್ಲಿ ಮಲಗಿದ ಮೇಲಿನ ಮಾತು; ಮಲಗದಂತೆ ನೋಡಿಕೊಳ್ಳುವ ಮಾತ್ರೆಗೆ ಅದು ದುಡ್ಡು ಕೊಡುವುದಿಲ್ಲ. ಸರಕಾರಿ ದವಾಖಾನೆಯಲ್ಲಿ ಮಾತ್ರೆ ಪುಕ್ಕಟೆ ಸಿಕ್ಕೀತು. ಆದರೆ ಹಗಲು ಸರತಿಯಲ್ಲಿ ನಿಂತರೆ ಅಂದಿನ ಕೂಲಿ ಹೋಯಿತು. ದುಡಿಯುವವರ ಬಸ್ತಿಗಳಲ್ಲಿ ಸಂಜೆಯ ದವಾಖಾನೆ ತೆರೆಯಿರಿ, ಯಾವ ರಾಜ್ಯದ ಚೀಟಿಯಾದರೂ ಒಪ್ಪಿ ಮಧುಮೇಹ, ರಕ್ತದೊತ್ತಡಗಳ ಮದ್ದು ಕೊಡಿ, ಲೆಕ್ಕವನ್ನು ಎರಡು ಸರಕಾರಗಳೂ ಆಮೇಲೆ ತಮ್ಮತಮ್ಮೊಳಗೆ ಚುಕ್ತಾ ಮಾಡಿಕೊಳ್ಳಲಿ ಎಂದು ಕೇಳುವುದು ಅತಿಯಾಸೆಯೇ?

ಸಂಘಗಳಾದ ನಾವೇನೂ ಕಡಿಮೆಯಿಲ್ಲ. ರಾಜ್ಯೋತ್ಸವದ ಮುನ್ನಾದಿನ ಆರೋಗ್ಯ ಶಿಬಿರ, ಬೆರಳು ಚುಚ್ಚಿ ಸಕ್ಕರೆ ಪರೀಕ್ಷೆ, ಶಾಲು ಹೊದಿಸಿ ಛಾಯಾಚಿತ್ರ. ‘ಸಕ್ಕರೆ ಹೆಚ್ಚಿದೆ, ವೈದ್ಯರನ್ನು ಕಾಣಿ’ ಎಂದು ಬರೆದ ಚೀಟಿ ಹಿಡಿದು ಸಭಾಗೃಹದ ಮೆಟ್ಟಿಲಿಳಿದ ಮೇಸ್ತ್ರಿ ಮುಂದಿನ ತಿಂಗಳ ಮಾತ್ರೆಗೆ ಎಲ್ಲಿಗೆ ಹೋದನೆಂದು ನಮ್ಮ ಯಾವ ವಾರ್ಷಿಕ ವರದಿಯಲ್ಲಿದೆ?