ಫೈಲಿನ ಮೇಲಿನ ಹೆಸರು

ಪರಿಚಯದವರೊಬ್ಬರ ಮನೆಯ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಒಂದು ಆಸ್ಪತ್ರೆ ಫೈಲು ಇದೆ. ಮಗನಿಗೆ ಹತ್ತೊಂಬತ್ತು ತುಂಬಿದಾಗ ಬರೆದ ಮೊದಲ ಚೀಟಿಯಲ್ಲಿ ಖಿನ್ನತೆ ಎಂದಿದೆ. ಎರಡು ವರ್ಷದ ನಂತರದ ಹಾಳೆಯಲ್ಲಿ ಅದು ಬೈಪೋಲಾರ್. ಮತ್ತೆ ಮೂರು ವರ್ಷಕ್ಕೆ, ಇನ್ನೊಬ್ಬ ಡಾಕ್ಟರ ಕೈಬರಹದಲ್ಲಿ, ಸ್ಕಿಜೋಫ್ರೇನಿಯಾ. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಹುಡುಗನ ತಾಯಿ ಕೇಳಿದ್ದು ಇಷ್ಟೆ: “ಹಾಗಾದ್ರೆ ಮೊದ್ಲು ಹೇಳಿದ್ದು ಸುಳ್ಳಾ ಡಾಕ್ಟ್ರೇ?”

ಸುಳ್ಳೇನಲ್ಲ. ಆದರೆ ಆ ಹೆಸರುಗಳು ಆ ತಾಯಿ ನಂಬಿಕೊಂಡಷ್ಟು ಗಟ್ಟಿಯೂ ಅಲ್ಲ. ಇಂದು ನಾವು ಸ್ಕಿಜೋಫ್ರೇನಿಯಾ, ಬೈಪೋಲಾರ್ ಎನ್ನುವ ಕಾಯಿಲೆಗಳ ನಡುವೆ ಬೇಲಿ ಹಾಕಿದವರು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್. 1899ರಲ್ಲಿ ಬಂದ ತಮ್ಮ ಪಠ್ಯಪುಸ್ತಕದ ಆವೃತ್ತಿಯಲ್ಲಿ, ಬೇರೆ ಹೆಸರುಗಳಿಂದ, ಅವೆರಡನ್ನೂ ಬೇರ್ಪಡಿಸಿದರು. ಒಬ್ಬೊಬ್ಬ ರೋಗಿಗೂ ಒಂದೊಂದು ಕಾರ್ಡು ಇಟ್ಟು, ಕಾಯಿಲೆ ಹೇಗೆ ಶುರುವಾಯಿತು, ಎಲ್ಲಿಗೆ ಮುಟ್ಟಿತು ಎಂದು ಗುರುತು ಹಾಕಿಕೊಂಡ ಶ್ರದ್ಧೆಯ ಕೆಲಸ ಅದು. 1920ರ ಹೊತ್ತಿಗೆ ಸ್ವತಃ ಕ್ರೆಪೆಲಿನ್ನರಿಗೇ ಆ ಬೇಲಿಯ ಬಗ್ಗೆ ಅನುಮಾನ ಶುರುವಾಗಿತ್ತು. ಅನುಮಾನವನ್ನು ಜಗತ್ತು ಮರೆಯಿತು, ಬೇಲಿಯನ್ನು ಉಳಿಸಿಕೊಂಡಿತು.

ಅದನ್ನು ಈಗ ಅಲುಗಾಡಿಸುತ್ತಿರುವುದು ತಳಿವಿಜ್ಞಾನ. ಸ್ಕಾಟ್ಲೆಂಡಿನ ಒಂದು ದೊಡ್ಡ ಕುಟುಂಬದಲ್ಲಿ 1 ಮತ್ತು 11ನೇ ಕ್ರೋಮೊಸೋಮುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು ಅದೇ ಒಂದು ಎಡವಟ್ಟು. ಆದರೆ ಅದನ್ನು ಹೊತ್ತವರಲ್ಲಿ ಕೆಲವರಿಗೆ ಸ್ಕಿಜೋಫ್ರೇನಿಯಾ, ಕೆಲವರಿಗೆ ಬೈಪೋಲಾರ್, ಕೆಲವರಿಗೆ ಬರೀ ಖಿನ್ನತೆ. ಏನೂ ಆಗದೆ ಬಾಳಿದವರೂ ಇದ್ದಾರೆ. ಅದೊಂದು ಅಪರೂಪದ ಮನೆ ಎನ್ನಬಹುದಿತ್ತು. ಆದರೆ 2013ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಐದು ಮನೋರೋಗಗಳ ರೋಗಿಗಳ ಡಿಎನ್‌ಎಯನ್ನು ಒಟ್ಟಿಗಿಟ್ಟು ನೋಡಿತು. ಸ್ಕಿಜೋಫ್ರೇನಿಯಾಕ್ಕೂ ಬೈಪೋಲಾರಿಗೂ ಇರುವ ತಳಿ ನಂಟು ಸುಮಾರು 0.7 ಎಂದು ಬಂತು. ಪೂರ್ತಿ ಒಂದೇ ಆಗಿದ್ದರೆ ಅದು 1 ಇರುತ್ತಿತ್ತು. 2019ರ ಹೊತ್ತಿಗೆ ಪಟ್ಟಿಯಲ್ಲಿ ಎಂಟು ಕಾಯಿಲೆಗಳಿದ್ದವು. ಒಂದಕ್ಕಿಂತ ಹೆಚ್ಚು ಕಾಯಿಲೆಗಳಿಗೆ ದಾರಿಯಾಗುವ 109 ತಾಣಗಳು ಡಿಎನ್‌ಎಯಲ್ಲಿ ಸಿಕ್ಕವು. ಒಂದೊಂದು ತಾಣದ ಪ್ರಭಾವವೂ ಸಾಸಿವೆಯಷ್ಟು. ಅವು ರೋಗಿಗಳ ಸ್ವತ್ತೂ ಅಲ್ಲ, ಇದನ್ನು ಓದುತ್ತಿರುವವರಲ್ಲೂ ಬರೆದವರಲ್ಲೂ ಒಂದಷ್ಟು ಇದ್ದೇ ಇವೆ. ರಕ್ತದೊತ್ತಡದ ಹಾಗೆ ಇದೂ ಹೆಚ್ಚು-ಕಡಿಮೆಯ ಲೆಕ್ಕ.

ಬೆಂಗಳೂರಿನಲ್ಲೂ ಈ ಜಾಡು ಹಿಡಿದವರಿದ್ದಾರೆ. ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಸ್ಥೆಗಳು ಮೂರೂ ಸೇರಿ ಶುರುಮಾಡಿದ ಅಧ್ಯಯನದಲ್ಲಿ, ಒಂದೇ ಮನೆಯ ಹಲವರಿಗೆ ಕಾಯಿಲೆಯಿರುವ ಕುಟುಂಬಗಳನ್ನು ಆರಿಸಿಕೊಂಡಿದ್ದಾರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು ರೋಗ, ಕುಡಿತದಂಥ ಚಟ, ಮರೆವಿನ ಕಾಯಿಲೆ — ಐದನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ನೋಡುವ ಯೋಜನೆ ಇದು. ಒಂದೊಂದು ಕಾಯಿಲೆಗೆ ಒಂದೊಂದು ಕೋಣೆ ಕಟ್ಟದಿದ್ದದ್ದೇ ಅದರ ಜಾಣತನ.

ಇನ್ನು, ಆ ಫೈಲು ಸೀರೆಗಳ ಅಡಿ ಸೇರಿದ್ದಕ್ಕೆ ಕಾರಣ ಹೇಳಬೇಕು. ಹುಡುಗನ ತಂಗಿಗೆ ಗಂಡು ನೋಡುತ್ತಿದ್ದಾರೆ. “ಅವರ ಮನೇಲಿ ಹುಚ್ಚಿದೆಯಂತೆ” ಎಂಬ ಒಂದು ಮಾತು ಸಾಕು, ಬಂದ ಸಂಬಂಧ ಬಂದ ಹಾಗೇ ವಾಪಸ್ಸು. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೇನಿಯಾ ಇದ್ದರೂ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತಕ್ಕೆ ಅದು ಬರುವುದಿಲ್ಲ. ಈ ಲೆಕ್ಕವನ್ನು ಮದುವೆ ಮಾತುಕತೆಯ ಚಾಪೆಯ ಮೇಲೆ ಯಾರೂ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಂತೂ ವಿಚ್ಛೇದನದ ಕಾರಣಗಳನ್ನು ಹೇಳುವಲ್ಲಿ ಸ್ಕಿಜೋಫ್ರೇನಿಯಾವನ್ನು ಹೆಸರು ಹಿಡಿದೇ ಕರೆದಿದೆ. ಆ ಹೆಸರಿಗೆ ಕಡಿವಾಣ ಹಾಕಿದ್ದು 1988ರಲ್ಲಿ ಸುಪ್ರೀಂ ಕೋರ್ಟು. ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಕಾಯಿಲೆಯ ಹೆಸರು ಹಚ್ಚಿದ ಮಾತ್ರಕ್ಕೆ ವಿಚ್ಛೇದನ ಸಿಗದು. ಅದು ಯಾವ ಪ್ರಮಾಣದಲ್ಲಿದೆ, ಅದರೊಡನೆ ಸಂಸಾರ ಮಾಡುವುದು ಅಸಾಧ್ಯವೇ ಎಂಬುದನ್ನು ಕೇಳಿದವರೇ ರುಜುವಾತುಪಡಿಸಬೇಕು ಎಂಬುದು ಅದರ ತಿರುಳು. ‘ಏನು’ ಎಂಬುದರ ಜಾಗದಲ್ಲಿ ‘ಎಷ್ಟು’ ಎಂದು ಕೇಳಬೇಕೆಂದು ಈಗಿನ ತಳಿವಿಜ್ಞಾನಿಗಳು ಹೇಳುತ್ತಿರುವುದನ್ನು ನ್ಯಾಯಾಲಯ ಅಂದೇ ಕೇಳಿತ್ತು.

ವೈದ್ಯರ ಪುಸ್ತಕಗಳು ಅಷ್ಟು ಚುರುಕಲ್ಲ. ವ್ಯಕ್ತಿತ್ವ ದೋಷಗಳನ್ನು ಪ್ರಮಾಣದಲ್ಲಿ ಅಳೆಯುವ ಪ್ರಸ್ತಾವವೊಂದು ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ ಹಿಂಬದಿಯ ಪುಟಗಳಿಗೆ ಹೋಗಿ ಕೂತಿತು. ವಿಶ್ವ ಆರೋಗ್ಯ ಸಂಸ್ಥೆ ಧೈರ್ಯ ಮಾಡಿತು: 2022ರಿಂದ ಜಾರಿಯಲ್ಲಿರುವ ಅದರ ಪಟ್ಟಿಯಲ್ಲಿ ಆ ದೋಷಗಳ ಹಳೆಯ ಹೆಸರುಗಳು ಬಹುಪಾಲು ಹೋಗಿವೆ, ಸೌಮ್ಯ-ಮಧ್ಯಮ-ತೀವ್ರ ಎಂಬ ಅಳತೆ ಬಂದಿದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಮಾತ್ರ ತಮ್ಮ ತಮ್ಮ ಕೋಣೆಯಲ್ಲೇ ಇವೆ. ಇರಲಿ; ಲಿಥಿಯಂ ಮಾತ್ರೆ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಡಾಕ್ಟರಿಗೆ ಒಂದು ಹೆಸರು ಬೇಕೇ ಬೇಕು.

ನಮ್ಮ ತಕರಾರು ಬೇರೆ. ಅಳತೆಯೂ ಗೆರೆಯಾಗಿ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಡ. ಸಾಸಿವೆಯಂಥ ಆ ತಾಣಗಳನ್ನೆಲ್ಲ ಕೂಡಿ ಒಬ್ಬೊಬ್ಬರಿಗೂ ಒಂದು ಅಂಕ ಕೊಡಬಹುದು. ಅಮೆರಿಕದಲ್ಲಿ ಗರ್ಭ ಸೇರುವ ಮೊದಲೇ ಭ್ರೂಣಗಳಿಗೆ ಇಂಥ ಅಂಕ ಹಾಕಿಕೊಡುವ ವ್ಯಾಪಾರ ಶುರುವಾಗಿದೆ. ಆ ಅಂಕದ ಹಿಂದಿರುವ ಡಿಎನ್‌ಎ ಬಹುಪಾಲು ಯುರೋಪ್ ಮೂಲದವರದು, ನಮ್ಮವರ ಮಟ್ಟಿಗೆ ಅದರ ಗುರಿ ಇನ್ನಷ್ಟು ತಪ್ಪುತ್ತದೆ. ಅದು ಇಲ್ಲಿಗೆ ಬಂದ ದಿನ ಜಾತಕದ ಪಕ್ಕದಲ್ಲೇ ಜಾಗ ಗಿಟ್ಟಿಸಿಕೊಳ್ಳುತ್ತದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ನಮ್ಮದೇ ಸರ್ಕಾರಿ ಅಳತೆಗೋಲನ್ನೇ ನೋಡಿ. ಮನೋರೋಗದಿಂದಾದ ಅಂಗವೈಕಲ್ಯವನ್ನು ಐಡಿಯಾಸ್ ಎಂಬ ಮಾಪನದಲ್ಲಿ ಅಳೆಯುತ್ತಾರೆ. ಸ್ನಾನ-ಊಟ ತಾನೇ ಮಾಡಿಕೊಳ್ಳುತ್ತಾನೆಯೆ, ಜನರ ಜತೆ ಹೊಂದಿಕೊಳ್ಳುತ್ತಾನೆಯೆ, ಮಾತು ಅರ್ಥವಾಗುತ್ತದೆಯೆ, ದುಡಿಯುತ್ತಾನೆಯೆ ಎಂಬ ನಾಲ್ಕಕ್ಕೂ ಅಂಕ, ಕಾಯಿಲೆ ಎಷ್ಟು ಕಾಲದಿಂದ ಕಾಡಿದೆ ಎಂಬುದಕ್ಕೆ ಇನ್ನಷ್ಟು, ಒಟ್ಟು 20. ಏಳು ಬಂದರೆ ಶೇ 40, ಅಲ್ಲಿಂದ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಕಾಯಿಲೆಯ ಹೆಸರಿಗೆ ಅಂಟಿಕೊಳ್ಳದ ಒಳ್ಳೆಯ ಅಳತೆಗೋಲು ಅದು. ಮಾತ್ರೆ ಸರಿಯಾಗಿ ನುಂಗಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಹೋದ ಈ ಹುಡುಗನಿಗೆ ಕಳೆದ ಸಲ ಬಂದದ್ದು ಆರು.