ಎರಡನೆಯ ಪರದೆ ಏಕೆ ಕತ್ತಲು?

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿ, ಅದರೊಳಗೆ ಲಿನಕ್ಸ್ ನಡೆಸುವವರು ಅನೇಕರಿದ್ದಾರೆ. ಮೇಜಿನ ಮೇಲೆ ಎರಡು ಮಾನಿಟರ್‌ಗಳಿದ್ದರೂ ಲಿನಕ್ಸ್ ಒಂದರಲ್ಲಿ ಮಾತ್ರ ಕಾಣಿಸಿಕೊಂಡಾಗ ಪೇಚಾಟ ಶುರುವಾಗುತ್ತದೆ. ಬೇಸತ್ತು ಲಿನಕ್ಸನ್ನೇ ಅಳಿಸಿ ಮತ್ತೆ ಹಾಕಿದರೆ, ಅದರಲ್ಲಿ ಮಾಡಿಟ್ಟ ಕೆಲಸವೂ ಹೋಗುತ್ತದೆ. ಹಾಗೆ ಮಾಡುವ ಅಗತ್ಯವೇ ಇಲ್ಲ.

ಇದಕ್ಕೆ ಕಾರಣವೇನು? ಒಳಗಿನ ಲಿನಕ್ಸ್‌ಗೆ ಮೇಜಿನ ಮೇಲಿನ ಮಾನಿಟರ್ ಕಾಣುವುದಿಲ್ಲ. ವರ್ಚುವಲ್‌ಬಾಕ್ಸ್ ತೋರಿಸುವ ಕಲ್ಪಿತ ಮಾನಿಟರ್‌ಗಳಷ್ಟೇ ಅದಕ್ಕೆ ಕಾಣುತ್ತವೆ. ಆದ್ದರಿಂದ ಮೊದಲು ಲಿನಕ್ಸನ್ನು ಪೂರ್ತಿ ನಿಲ್ಲಿಸಿ, ವರ್ಚುವಲ್‌ಬಾಕ್ಸಿನ ಡಿಸ್‌ಪ್ಲೇ ವಿಭಾಗದಲ್ಲಿ ಮಾನಿಟರ್ ಸಂಖ್ಯೆಯನ್ನು 2 ಮಾಡಬೇಕು. ಗ್ರಾಫಿಕ್ಸ್ ಕಂಟ್ರೋಲರ್ ವಿಎಂಎಸ್‌ವಿಜಿಎ ಆಗಿರಬೇಕು.

ಮುಂದಿನದು ಮೆಮೊರಿಯ ಲೆಕ್ಕ. 1920×1080 ಅಳತೆಯ ಪರದೆಯಲ್ಲಿ 20,73,600 ಚುಕ್ಕಿಗಳಿವೆ. ಚುಕ್ಕಿಗೆ 4 ಬೈಟ್‌ನಂತೆ ಒಂದು ಪರದೆಗೆ ಸುಮಾರು 8 ಎಂಬಿ, ಎರಡಕ್ಕೆ ಸುಮಾರು 16 ಎಂಬಿ ಬೇಕು. ವಿಡಿಯೊ ಮೆಮೊರಿ 16 ಎಂಬಿಯಷ್ಟೇ ಇದ್ದರೆ ಬೇರೇನಕ್ಕೂ ಜಾಗ ಉಳಿಯದು. ಅದನ್ನು 128ಕ್ಕೆ ಏರಿಸುವುದು ಕ್ಷೇಮ.

ಆಮೇಲೆ ಲಿನಕ್ಸನ್ನು ಚಾಲೂ ಮಾಡಿ, ಅದರೊಳಗೆ ಗೆಸ್ಟ್ ಅಡಿಷನ್ಸ್ ಇದೆಯೇ ಎಂದು ನೋಡಿ. ವ್ಯೂ ಮೆನುವಿನಲ್ಲಿ ಎರಡನೆಯ ವರ್ಚುವಲ್ ಸ್ಕ್ರೀನನ್ನು ಎನೇಬಲ್ ಮಾಡಿ.

ಇಷ್ಟಾದರೂ ಕತ್ತಲೆಯೇ? ಲಾಗಿನ್ ಆಗುವಾಗ ಎಕ್ಸ್‌ಆರ್ಗ್ ಆರಿಸಿಕೊಂಡು, ಟರ್ಮಿನಲ್‌ನಲ್ಲಿ ಎಕ್ಸ್‌ರ‍್ಯಾಂಡ್‌ಆರ್ ಆಜ್ಞೆ ಕೊಡಿ. ಎರಡು ಪರದೆಗಳ ಮುಂದೆ 'ಕನೆಕ್ಟೆಡ್' ಎಂದಿದ್ದರೆ, ಸರಿಪಡಿಸಬೇಕಾದದ್ದು ಲಿನಕ್ಸಿನ ಡಿಸ್‌ಪ್ಲೇ ಸೆಟ್ಟಿಂಗ್ಸ್. ಒಂದರ ಮುಂದೆ ಮಾತ್ರ ಹಾಗಿದ್ದರೆ, ಮತ್ತೆ ವರ್ಚುವಲ್‌ಬಾಕ್ಸ್ ಕಡೆಗೆ ತಿರುಗಬೇಕು. ತೊಡಕು ಒಳಗೋ ಹೊರಗೋ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.